ಅರವತ್ತೆಂಟು ಸಾವಿರ ರ‍್ಯಾಂಕಿಗೆ ಮೈಸೂರು ಪಾಕು

ಪಿಯುಸಿ ಮುಗಿದ ವರ್ಷ ಎಂಜಿನಿಯರಿಂಗ್ ಸೀಟಿಗಾಗಿ ಎರಡು ಪ್ರವೇಶ ಪರೀಕ್ಷೆ ಬರೆದೆ. ಜೆಇಇಯಲ್ಲಿ ಬರುವುದು ಪರ್ಸೆಂಟೈಲ್, ಅದು ಜಾಸ್ತಿಯಿದ್ದಷ್ಟೂ ಒಳ್ಳೆಯದು. ಸಿಇಟಿಯಲ್ಲಿ ಬರುವುದು ರ‍್ಯಾಂಕ್, ಅದು ಕಮ್ಮಿಯಿದ್ದಷ್ಟೂ ಒಳ್ಳೆಯದು. ಬ್ಯಾಡರಹಳ್ಳಿಯ ನಮ್ಮ ಮನೆಯಲ್ಲಿ ಕೂತು ಊರವರ ಸೀರೆಗಳಿಗೆ ಕುಚ್ಚು ಹಾಕುತ್ತಿದ್ದ, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಅಮ್ಮನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಪ್ರತಿ ಸಲವೂ ಕೇಳುತ್ತಿದ್ದಳು.

"ಇದ್ರಲ್ಲಿ ಜಾಸ್ತಿ ಬಂದ್ರೆ ಒಳ್ಳೇದೋ, ಕಮ್ಮಿ ಬಂದ್ರೆ ಒಳ್ಳೇದೋ?"

"ನಿಂಗ್ ಗೊತ್ತಾಗಲ್ಲ ಬಿಡಮ್ಮ" ಅನ್ನುತ್ತಿದ್ದೆ, ಮೊಬೈಲಿನಿಂದ ತಲೆಯೆತ್ತದೆ.

ಸಿಇಟಿ ಫಲಿತಾಂಶ ಬಂದ ದಿನ, ಎಷ್ಟು ಬಂತು ಎಂದವಳಿಗೆ "ಅರವತ್ತೆಂಟು ಸಾವಿರ" ಎಂದಷ್ಟೇ ಹೇಳಿ ಮುಸುಕೆಳೆದು ಮಲಗಿದೆ. ಸಂಜೆ ಅವಳ ದನಿ ಕೇಳಿ ಬಾಗಿಲಿಗೆ ಬಂದರೆ, ಎದುರುಮನೆ ಆಂಟಿಗೆ ಮೈಸೂರು ಪಾಕಿನ ಡಬ್ಬಿ ಚಾಚಿಕೊಂಡು ನಿಂತಿದ್ದಳು.

"ನನ್ ಮಗಳಿಗೆ ಅರವತ್ತೆಂಟು ಸಾವಿರ ಬಂದಿದೆ ಕಣ್ರೀ. ನಿಮ್ ಮಗಂಗೆ ಒಂಬತ್ತೇ ಸಾವಿರ ಅಂತೆ, ಬೇಜಾರ್ ಮಾಡ್ಕೋಬೇಡಿ. ಮುಂದಿನ್ ಸಲ ಚೆನ್ನಾಗ್ ಬರೀತಾನೆ."

ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾಕಮ್ಮ ಹಿಂಗ್ ಮಾನ ಕಳೀತೀಯ? ರ‍್ಯಾಂಕ್ ಅಂದ್ರೆ ಏನಂತ ಗೊತ್ತಾ ನಿಂಗೆ? ಅವನೇ ನನಗಿಂತ ಎಷ್ಟೋ ಮುಂದಿದಾನೆ. ಇನ್ಮೇಲೆ ನನ್ ಓದಿನ ವಿಷ್ಯ ಯಾರ್ ಹತ್ರಾನೂ ಮಾತಾಡ್ಬೇಡ."

ಅಮ್ಮ ಡಬ್ಬಿಯ ಮುಚ್ಚಳ ಹಾಕಿದಳು. "ಆಯ್ತು ಕಣೇ" ಅಂದಳು. ಕೊಟ್ಟ ಮಾತನ್ನು ಅವಳಷ್ಟು ಕಟ್ಟುನಿಟ್ಟಾಗಿ ಉಳಿಸಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಮತ್ತೆ ಬರೆಯಲೆಂದು ಒಂದು ವರ್ಷ ವಿಜಯನಗರದ ಕೋಚಿಂಗಿಗೆ ಎರಡು ಬಸ್ಸು ಹಿಡಿದು ಓಡಾಡಿದೆ. ಪ್ರತಿ ಟೆಸ್ಟಿನ ಅಂಕವನ್ನು ಹಿಂದಿನದರ ಪಕ್ಕ ಬರೆದು, ಹಾಳೆಯನ್ನು ಗೋಡೆಗೆ ಅಂಟಿಸಿದ್ದೆ. ಕಸ ಗುಡಿಸುವಾಗ ಅಮ್ಮ ಅದರ ಮುಂದೆ ಒಂದು ಗಳಿಗೆ ನಿಲ್ಲುವಳು, ಆದರೆ ಕೇಳುತ್ತಿರಲಿಲ್ಲ. ಸದ್ಯ, ಕಾಟ ತಪ್ಪಿತು ಎಂದುಕೊಂಡಿದ್ದೆ ನಾನು.

ಎರಡನೇ ಸಲ ಏಳು ಸಾವಿರದ ರ‍್ಯಾಂಕ್ ಬಂತು. ಓಡಿಬಂದು ಹೇಳಿದೆ. ಅಮ್ಮ ಕುಚ್ಚಿನ ದಾರ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ನಗುತ್ತಿದ್ದೇನೆಂದು ಖಾತ್ರಿಯಾದ ಮೇಲೆಯೇ ತಾನೂ ನಕ್ಕಳು.

ನಾನೇ ಅರ್ಧ ಕೆಜಿ ಮೈಸೂರು ಪಾಕು ತಂದಿದ್ದೆ. "ಎದುರುಮನೆ ಆಂಟಿಗೆ ಕೊಟ್ಟು, ಎಷ್ಟು ಬಂತು ಅಂತ ಹೇಳ್ಬಾಮ್ಮ" ಅಂದೆ.

ಅವಳು ಡಬ್ಬಿ ಮುಟ್ಟಲಿಲ್ಲ. "ನೀನೇ ಕೊಟ್ಬಾ ಕಣೇ. ನಾನು ಏನಾದ್ರೂ ತಪ್ಪು ಹೇಳ್ಬಿಟ್ರೆ?"

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಕಾಲು ಹಿಡಿದು ಕ್ಷಮೆ ಕೇಳುತ್ತಿದ್ದೆನೇನೋ. ಅವಳು ನಿಜವಾಗಿ ಹೆದರಿದ್ದಳು, ಅದೂ ನನಗೆ. ನಾನೇ ಹೋಗಿ ಕೊಟ್ಟು ಬಂದೆ. ಇವತ್ತಿಗೂ ಯಾರಾದರೂ "ಮಗಳು ಏನ್ ಓದ್ತಿದಾಳೆ?" ಎಂದು ಕೇಳಿದರೆ, ಅಮ್ಮ ಮೊದಲು ನನ್ನ ಮುಖ ನೋಡುತ್ತಾಳೆ.