ಪಾರವ್ವನ ಬ್ಲಾಗಿನ ‘ಹೀ’

“ಹೌ ಡು ಯು ಡು?” ಎಂದು ಲಿಫ್ಟಿನಲ್ಲಿ ಸಿಕ್ಕ ನಿವೃತ್ತ ಕರ್ನಲ್ ಸಾಹೇಬರು ಕೇಳಿದರು. ಪಾರವ್ವ ಸೆರಗು ಸರಿಮಾಡಿಕೊಂಡು, ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ, “ನಿನ್ನೆ ಊಟ ಮಾಡಿದಾಗಿನಿಂದ ಹೊಟ್ಟೆನೋವು ಡಾಕ್ಟರೇ” ಎಂದಳು.

ತಪ್ಪು ಅವಳದಲ್ಲ, ಸಾರಿನದು. ಸಂಭಾಷಣೆ ಕಲಿಸುವ ಪುಸ್ತಕದ ಮೇಲೆ ಸಾರು ಚೆಲ್ಲಿ ಎರಡು ಹಾಳೆ ಅಂಟಿಕೊಂಡಿದ್ದವು. ಹೀಗಾಗಿ ಪ್ರಶ್ನೆ ಕುಶಲೋಪರಿಯ ಪಾಠದ್ದೂ ಉತ್ತರ ದವಾಖಾನೆಯ ಪಾಠದ್ದೂ ಆಗಿಬಿಟ್ಟಿತ್ತು. ಕರ್ನಲ್ ಸಾಹೇಬರು ತಮ್ಮ ಮಹಡಿ ಬರುವ ಮೊದಲೇ ಇಳಿದುಹೋದರು. ಪಕ್ಕದಲ್ಲಿ ನಿಂತಿದ್ದ ಗಂಡ ಗೂಳಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಇಂಗ್ಲಿಷು ತಿಂದವಳು ಮಾತ್ರ ಆರಾಮಾಗಿ ನಗುತ್ತಿದ್ದಳು.

“ನಗತೀಯಲ್ಲ, ನಾಚಿಕಿ ಬರೂದಿಲ್ಲೇನು ನಿನಗ?”

“ಉತ್ತರ ತಪ್ಪಿರಬಹುದು, ಇಂಗ್ಲಿಷ್ ತಪ್ಪಿಲ್ಲಲ್ರೀ.”

ಅಥಣಿ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದ ಪಾರವ್ವ ಮರಾಠಿಯನ್ನೂ ಹೀಗೆಯೇ ಹಿಡಿದು ಪಳಗಿಸಿದವಳು. ಬಂದ ಹೊಸತರಲ್ಲಿದ್ದ ವಠಾರದ ನಲ್ಲಿಯ ಮುಂದೆ ಕೊಡ ಹಿಡಿದು ನಿಂತು, ಮೊದಲು ಬೈಸಿಕೊಳ್ಳುವಷ್ಟು ಕಲಿತಳು, ಆಮೇಲೆ ಬೈಯುವಷ್ಟು, ಕೊನೆಗೆ ಬೈದಾಡುವ ಇಬ್ಬರ ನಡುವೆ ನಿಂತು ರಾಜಿ ಮಾಡಿಸುವಷ್ಟು. ಅಕ್ಕಪಕ್ಕದ ಹೆಂಗಸರು ಇವಳು ಕರ್ನಾಟಕದವಳೆಂಬುದನ್ನೇ ಮರೆತುಬಿಟ್ಟರು.

ಇಂಗ್ಲಿಷ್ ಮಾತ್ರ ಗೂಳಪ್ಪನ ಖಾತೆ. ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ಅಡತಿ ಅಂಗಡಿಯಲ್ಲಿ ಗುಮಾಸ್ತನಾದ ಅವನು ಸೊಸೈಟಿಯ ನೋಟೀಸು, ಬ್ಯಾಂಕಿನ ಸಂದೇಶ, ಮಾತ್ರೆಯ ಡಬ್ಬಿ ಎಲ್ಲವನ್ನೂ ಹೆಂಡತಿಗೆ ಓದಿ ಹೇಳುತ್ತಿದ್ದ. ಅರ್ಥವಾದದ್ದನ್ನು ಹೇಳುತ್ತಿದ್ದ, ಅರ್ಥವಾಗದ್ದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದ. ಆಗ ಪಾರವ್ವ ಕಣ್ಣರಳಿಸಿ “ಹೌದ್ರಿ?” ಎನ್ನುವಳು. ಅಡತಿಯಲ್ಲಿ ಇಡೀ ದಿನ ಮಾಲೀಕನಿಗೆ ತಾನು “ಹೌದ್ರಿ, ಹೌದ್ರಿ” ಎಂದು ಸವೆದ ಮನುಷ್ಯನಿಗೆ ಆ ಒಂದು “ಹೌದ್ರಿ”ಯೇ ಟಾನಿಕ್ಕು.

ಈ ಟಾನಿಕ್ಕು ನಿಂತದ್ದು ಪಾರವ್ವ ಪುಣೆ ಕ್ಯಾಂಪಿನ ಹರ್ಷದಾ ಮ್ಯಾಡಮ್ಮಿನ ಇಂಗ್ಲಿಷ್ ಕ್ಲಾಸು ಸೇರಿದ ಮೇಲೆ. ಮ್ಯಾಡಮ್ಮು ಮರಾಠಿಯಲ್ಲಿ ವಿವರಿಸಿ ಇಂಗ್ಲಿಷ್ ಆಡಿಸುವವರು. ಜೊತೆಗೆ ಕ್ಲಾಸಿಗೊಂದು ಬ್ಲಾಗ್ ಮಾಡಿದ್ದರು. ವಾರಕ್ಕೊಮ್ಮೆ ಎಲ್ಲರೂ ಅದರಲ್ಲಿ ಬರೆಯಬೇಕು, ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಕಾಮೆಂಟ್ ಹಾಕಬೇಕು. ಪಾರವ್ವ ಬರೆದದ್ದಕ್ಕೆ ಎಲ್ಲರಿಗಿಂತ ಮೊದಲು ಕಾಮೆಂಟ್ ಹಾಕುತ್ತಿದ್ದವನು ಶ್ಯಾಮ. ಧಾರವಾಡದವನು, ಟೂರಿಸ್ಟ್ ಕಂಪನಿಯೊಂದರ ಮ್ಯಾನೇಜರು. ಹೆಸರಿಗೆ ತಕ್ಕಂತೆ ಅವನಲ್ಲಿ ಕಪ್ಪಗಿದ್ದದ್ದು ಕೂದಲೊಂದೇ, ಅದೂ ಬಣ್ಣದ ಪಾಕೀಟಿನ ಕೃಪೆ. ಕೂದಲಿನ ವಿಷಯದಲ್ಲಿ ಯಾವ ಪಾಕೀಟೂ ಉಪಯೋಗಕ್ಕೆ ಬಾರದ ಹಂತ ತಲುಪಿದ್ದ ಗೂಳಪ್ಪನಿಗೆ ಅವನ ಫೋಟೋ ನೋಡಿದ ದಿನವೇ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗಿತ್ತು. ಹೆಂಡತಿಯ ಬರಹಕ್ಕೆ ಲೈಕು ಕೊಡಲು ಇವನೆಷ್ಟರ ಲಾಯಕು?

ಹೊಟ್ಟೆಕಿಚ್ಚಿಗೆ ನಿಜವಾಗಿ ಗಾಳಿ ಸಿಕ್ಕದ್ದು ಮೊನ್ನೆ. ಅಡತಿಯಲ್ಲಿ ಬುತ್ತಿ ಉಂಡು ಕೈತೊಳೆದು, ಗೂಳಪ್ಪ ಮೊಬೈಲಿನಲ್ಲಿ ಬ್ಲಾಗ್ ತೆರೆದ. ಪಾರವ್ವನ ಹೊಸ ಬರಹಕ್ಕೆ ತಲೆಬರಹವಿರಲಿಲ್ಲ. ಗೂಳಪ್ಪ ಒಂದೊಂದೇ ಸಾಲನ್ನು ಮನಸ್ಸಿನಲ್ಲೇ ಕನ್ನಡಕ್ಕೆ ಇಳಿಸಿಕೊಂಡ.

‘ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಆಗ ನನಗೆ ಹೀ ಬೇಕು. ಹೀ ಇದ್ದರೆ ಜೀವಕ್ಕೆ ತಂಪು. ಹೀ ಇಲ್ಲದಿದ್ದರೆ ನಿದ್ದೆ ಬಾರದು. ಹೀ-ಗೆ ವಯಸ್ಸಾಗಿದೆ, ಆದರೂ ನಾನು ಒಂದು ಬೆರಳು ತಾಗಿಸಿದರೆ ಸಾಕು.’

ಹೀ ಹೀ ಎಂದು ನಕ್ಕು ಬಿಡುವ ಸಂಗತಿ ಇದಾಗಿರಲಿಲ್ಲ. ಮುಂದಿನ ಸಾಲುಗಳ ಮೇಲೆ ಗೂಳಪ್ಪನ ಕಣ್ಣು ನಿಲ್ಲಲೇ ಇಲ್ಲ. ಅದು ಜಾರಿ ಕೆಳಗೆ ಬಿದ್ದದ್ದು ನೇರ ಶ್ಯಾಮನ ಕಾಮೆಂಟಿನ ಮೇಲೆ: ‘ವೆರಿ ಟಚಿಂಗ್!’

ಟಚಿಂಗ್! ಯಾರು, ಯಾರಿಗೆ?

“ಯಾಕ್ರಿ ಗೂಳಪ್ಪನವರ, ಕಣ್ಣಾಗ ನೀರು?” ಎಂದು ಪಕ್ಕದ ಗಾದಿಯ ಗುಮಾಸ್ತ ಮಾಂತು ಕೇಳಿದ.

“ಉಳ್ಳಾಗಡ್ಡಿ ಅಡತಿಯೊಳಗ ಮತ್ತೇನು ಪನ್ನೀರು ಬರ್ತದೇನು?” ಎಂದು ಗೂಳಪ್ಪ ಎದ್ದುಬಿಟ್ಟ. ಇಷ್ಟು ವರ್ಷಗಳ ನೌಕರಿಯಲ್ಲಿ ಮಧ್ಯಾಹ್ನ ಮನೆಗೆ ಹೋದವನಲ್ಲ. ರಿಕ್ಷಾದವನಿಗೆ ಮರಾಠಿಯಲ್ಲಿ ವಿಳಾಸ ಹೇಳುವಾಗ ನಾಲಿಗೆ ತಡವರಿಸಿತು. ದಾರಿಯುದ್ದಕ್ಕೂ ಒಂದೇ ಯೋಚನೆ. ಶ್ಯಾಮ ಮನೆಯಲ್ಲಿದ್ದರೆ ಯಾವ ಭಾಷೆಯಲ್ಲಿ ಬೈಯಬೇಕು? ಇಂಗ್ಲಿಷಿನಲ್ಲಿ ಬೈದು ವ್ಯಾಕರಣ ತಪ್ಪಿದರೆ ಪಾರವ್ವನೇ ತಿದ್ದಿಯಾಳು.

ಬಾಗಿಲು ಮುಂದೆ ಮಾಡಿತ್ತಷ್ಟೆ, ಚಿಲಕ ಹಾಕಿರಲಿಲ್ಲ. ಪಡಸಾಲೆಯಲ್ಲಿ ಚಾಪೆಯ ಮೇಲೆ ಪಾರವ್ವ ಒಬ್ಬಳೇ ಮಲಗಿದ್ದಳು. ಗೂಳಪ್ಪ ಚಪ್ಪಲಿ ಸಮೇತ ಒಳಗೆ ನುಗ್ಗಿ ಬಾಗಿಲ ಹಿಂದೆ ನೋಡಿದ, ಬಚ್ಚಲಲ್ಲಿ ಇಣುಕಿದ, ಗ್ಯಾಲರಿಯಲ್ಲಿ ಒಣಗುತ್ತಿದ್ದ ತನ್ನದೇ ಧೋತರವನ್ನು ಎತ್ತಿ ನೋಡಿದ. ಪಾರವ್ವ ಎದ್ದು ಕುಳಿತಳು.

“ಏನು ಕಳಕೊಂಡೀರಿ?”

“ಎಲ್ಲಿದ್ದಾನ ಅಂವಾ?”

“ಯಾಂವ್ರೀ?”

“ಬ್ಲಾಗಿನ್ಯಾಗ ಬರದೀಯಲ್ಲ. ಹೀ! ಹೀ! ಹೀ!”

“ನಗಾಕತ್ತೀರೋ, ಸಿಟ್ಟಿಗೆದ್ದೀರೋ? ಒಂದು ಯಾವುದರ ಮಾಡ್ರಿ.”

“ಮಧ್ಯಾಹ್ನ ನಿನಗ ತಂಪು ಮಾಡಾಕ ಬರ್ತಾನಲ್ಲ, ಅಂವಾ!”

“ಅಂವಾ? ಫ್ಯಾನ್ ರೀ.”

“ನಿನ್ನ ಫ್ಯಾನು ಅನ್ನೂದು ಕಾಮೆಂಟ್ ನೋಡೇ ತಿಳೀತು. ಕೂದಲಿಗೆ ಕರೀ ಬಣ್ಣಾ ಹಚ್ಚತಾನ!”

“ಬಣ್ಣಾ ಯಾಕ ಹಚ್ಚಬೇಕು, ಧೂಳಿಗೇ ಕರ್ರಗಾಗ್ಯಾನ” ಎಂದು ಪಾರವ್ವ ಬೆರಳೆತ್ತಿ ತೋರಿಸಿದಳು. ನೆತ್ತಿಯ ಮೇಲೆ ಹಳೆಯ ಸೀಲಿಂಗ್ ಫ್ಯಾನು ಕಿರಗುಟ್ಟುತ್ತ ತಿರುಗುತ್ತಿತ್ತು. “ಮನ್ಯಾಗ ದಿನಾ ಬೇಕಾಗೂ ಸಾಮಾನಿನ ಮ್ಯಾಲ ಬರೀರಿ ಅಂದಿದ್ರು ಮ್ಯಾಡಮ್ಮೋರು. ಮರಾಠಿಯೊಳಗ ಇದಕ್ಕ ‘ತೋ ಪಂಖಾ’ ಅಂತಾರಲ್ರೀ, ಗಂಡಸು. ‘ತೋ’ ಅಂದ್ರ ಹೀ. ಅದಕ್ಕ ಹಂಗ ಬರದೆ.”

ಗೂಳಪ್ಪ ಚಾಪೆಯ ಅಂಚಿನಲ್ಲಿ ಕುಸಿದು ಕುಳಿತ. ಫ್ಯಾನಿನ ಗಾಳಿ ಬೋಳುತಲೆಗೆ ಹಿತವಾಗಿ ತಾಗಿತು. ಶ್ಯಾಮ ಮನಸ್ಸಿನಿಂದ ಇಳಿದುಹೋದ. ಅವನು ಇಳಿದ ಜಾಗದಲ್ಲಿ ಈಗ ಫ್ಯಾನು ಹತ್ತಿ ಕೂತಿತು. ಜೀವಕ್ಕೆ ತಂಪಂತೆ! ಒಂದು ಪಂಖಾದ ಮೇಲೆ ಇಷ್ಟು ಪ್ರೀತಿಯಿಂದ ಬರೆದವಳು, ಉಳ್ಳಾಗಡ್ಡಿಯ ನಡುವೆ ಕೂತು ಅವಳಿಗಾಗಿ ದುಡಿದವನ ಬಗ್ಗೆ ಒಂದು ಸಾಲನ್ನಾದರೂ ಬರೆಯಬಾರದಿತ್ತೆ?

“ಅಲ್ಲ, ಪಾರಿ,” ಎಂದ, ದನಿ ತಗ್ಗಿಸಿ. “ನನ್ನ ಮ್ಯಾಲ ಏನೂ ಬರೀಲಿಲ್ಲಲ್ಲ?”

“ಅಯ್ಯ, ಪೂರಾ ಓದೇ ಇಲ್ಲ ನೀವು. ಕಡೀಕ ಎಲ್ಲಾ ನಿಮ್ಮದ ಅದ” ಎಂದು ಪಾರವ್ವ ಮೊಬೈಲು ತೆಗೆದು ಕೈಗಿತ್ತಳು.

ಗೂಳಪ್ಪ ಮೂಗಿನ ತುದಿಗೆ ಕನ್ನಡಕ ಇಳಿಸಿ ಓದಿದ. ‘ಬೆಳಿಗ್ಗೆ ಇಟ್ ಮಾರ್ಕೆಟ್ ಯಾರ್ಡಿಗೆ ಹೋಗುತ್ತದೆ. ಸಂಜೆ ಇಟ್ ದಣಿದು ಬರುತ್ತದೆ. ನಾನು ಇಟ್‌ಗೆ ಚಹಾ ಕೊಡುತ್ತೇನೆ. ರಾತ್ರಿ ಇಟ್ ಭಾಳ ಗೊರಕೆ ಹೊಡೆಯುತ್ತದೆ. ಇಟ್ ಇಲ್ಲದೆ ನನಗೆ ನಡೆಯುವುದಿಲ್ಲ.’

ಅವನು ಒಮ್ಮೆ ಮೇಲೆ ನೋಡಿದ, ಒಮ್ಮೆ ಹೆಂಡತಿಯ ಕಡೆ ನೋಡಿದ.

“ಪಂಖಾಕ್ಕ ಹೀ, ನನಗ ಇಟ್? ಯಾಕ?”

“ನೆರಿಮನಿ ಅಕ್ಕೋರು ಗಂಡಗ ಎಂದಾದ್ರೂ ‘ತೋ’ ಅಂತಾರೇನ್ರೀ? ನಾವು ‘ಅವರು’ ಅಂದಂಗ, ಮರ್ಯಾದಿ ಕೊಟ್ಟು ‘ತೇ’ ಅಂತಾರ. ತೋ ಅಂದ್ರ ಹೀ, ತೀ ಅಂದ್ರ ಶೀ, ತೇ ಅಂದ್ರ ಇಟ್ ಅಂತ ಮ್ಯಾಡಮ್ಮೋರು ಬೋರ್ಡಿನ ಮ್ಯಾಲ ದೊಡ್ಡ ಅಕ್ಷರದಾಗ ಬರದಾರ. ಹೆಂಡತಿ ಆಗಿ ನಾ ನಿಮಗ ಅಷ್ಟು ಮರ್ಯಾದಿನೂ ಕೊಡಬಾರದೇನು?”