ಹುಳು ಮನೆಯಲ್ಲಿ ಕರ್ನಲ್ ಸಂದೇಶ ಹುಡುಕಿದ್ದು

ಅತ್ತೆಯ ಫೋನ್ ಬಂದಾಗ ನಾನು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ಮುಗಿಸುತ್ತಿದ್ದೆ.

"ಪೆಟ್ಟಿಗೆ ಮತ್ತೆ ನಿಂತೋಯ್ತು ಕಣಮ್ಮ. ಹೀಟರ್ ಆಫೇ ಆಗ್ಲಿಲ್ಲ, ವೈರ್ ಕಿತ್ತಾಕ್ದೆ. ಹುಳು ಕಪ್ಪಾಗಿ ಬೀಳ್ತಿದೆ. ಬೇಗ ಬಾ."

ಶಿಡ್ಲಘಟ್ಟದ ಹತ್ತಿರ ಅತ್ತೆಯದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ಒಡೆಸಿ, ಮರಿ ಹುಳುಗಳು ಎರಡು ಸಲ ಪೊರೆ ಕಳಚುವವರೆಗೆ ಸಾಕಿ ರೈತರಿಗೆ ಕೊಡುತ್ತಾರೆ. ಮಾವ ತೀರಿಕೊಂಡ ಮೇಲೆ ಒಬ್ಬರೇ ಶಾಖ, ತೇವ ನೋಡಿಕೊಳ್ಳಲಾಗದೆ ಒಂದು ಪೆಟ್ಟಿಗೆ ಹಾಕಿಸಿದ್ದರು. ಒಳಗಿನ ಪುಟ್ಟ ಕಂಪ್ಯೂಟರ್ ಹೀಟರನ್ನೂ ನೀರು ಸಿಂಪಡಿಸುವ ಮೋಟಾರನ್ನೂ ನಡೆಸುತ್ತಿತ್ತು. ಮಾಡಿಕೊಟ್ಟವರು ಈಗ ಫೋನ್ ಎತ್ತುತ್ತಿರಲಿಲ್ಲ.

ನಾನು ಹೋದಾಗ ಹುಳು ಮನೆ ಒಲೆಯಂತಿತ್ತು. ಟ್ರೇಗಳ ಅಂಚಿನಲ್ಲಿ ಹುಳುಗಳು ಕಪ್ಪಗಾಗಿ ಬಿದ್ದಿದ್ದವು. ಅತ್ತೆ ಒದ್ದೆ ಗೋಣಿಚೀಲ ನೇತುಹಾಕುತ್ತಿದ್ದರು.

ಪೆಟ್ಟಿಗೆ ಮತ್ತೆ ಚಾಲೂ ಮಾಡಿ, ಅದು ತನ್ನ ಆಗುಹೋಗು ಬರೆದಿಡುವ ಲಾಗ್ ತೆಗೆದೆ. ನಿಂತುಹೋದ ಹೊತ್ತಿನ ಜಾಗದಲ್ಲಿ ಒಂದು ಸಾಲೂ ಇಲ್ಲ. ಹಿಂದಿನ ಸಲವೂ ಹಾಗೆಯೇ ಆಗಿತ್ತು. ಸಾಯುವ ಮುನ್ನ ಕರ್ನಲ್, ಅಂದರೆ ಕಂಪ್ಯೂಟರನ್ನು ಒಳಗಿಂದ ನಡೆಸುವ ಮೂಲ ತಂತ್ರಾಂಶ, ಏನಾದರೂ ಹೇಳಿದ್ದರೆ ಅದು ಮೆಮೊರಿ ಕಾರ್ಡಿಗೆ ತಲುಪಿರಲಿಲ್ಲ. ಪೆಟ್ಟಿಗೆಯ ತೆರೆಯ ಮೇಲೂ ಏನೂ ಬಂದಿರಲಿಲ್ಲ, ಏಕೆಂದರೆ ಮಾಡಿದವರು ಸಂದೇಶದ ಮಟ್ಟವನ್ನು ತೀರ ಕೆಳಗಿಟ್ಟಿದ್ದರು. ಕರ್ನಲ್ ತನ್ನ ಪ್ರತಿ ಮಾತಿಗೂ ಸೊನ್ನೆಯಿಂದ ಏಳರವರೆಗೆ ಒಂದು ಅಂಕಿ ಹಚ್ಚುತ್ತದೆ. ಸೊನ್ನೆ ಎಂದರೆ ಎಲ್ಲ ಮುಗಿಯಿತು, ಏಳು ಎಂದರೆ ಬರೀ ಹರಟೆ. ನಾವು ಇಟ್ಟ ಮಟ್ಟಕ್ಕಿಂತ ಚಿಕ್ಕ ಅಂಕಿಯವು ಮಾತ್ರ ತೆರೆಗೆ ಬರುತ್ತವೆ. ಇಲ್ಲಿ ದೋಷ, ಎಚ್ಚರಿಕೆ ಯಾವುದೂ ಹೊರಬರದಂತೆ ಬಾಯಿ ಕಟ್ಟಿದ್ದರು.

ಪೆಟ್ಟಿಗೆ ಹೇಗೆ ಸಾಯುತ್ತದೆಂದು ನೋಡಲು ಇನ್ನೊಮ್ಮೆ ಸಾಯಬಿಡಬೇಕಿತ್ತು.

"ಅತ್ತೆ, ಹುಳು ಎಲ್ಲಾ ನಡುಮನೆಗೆ ಸಾಗಿಸೋಣ. ಖಾಲಿ ಕೋಣೇಲಿ ಇದನ್ನ ಓಡಿಸ್ತೀನಿ."

"ಜ್ವರಕ್ಕೆ ಕೂತಿರೋ ಹುಳಾನ ಅಲ್ಲಾಡಿಸ್ಬಾರ್ದು ಕಣೇ!" ಎಂದರು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆದರೂ ಅವರೇ ಮೊದಲ ಟ್ರೇ ಎತ್ತಿಕೊಂಡರು.

ಎಲ್ಲವನ್ನೂ ಸಾಗಿಸಿದ ಮೇಲೆ ಕೇಬಲ್ಲಿನಿಂದ ಲ್ಯಾಪ್‌ಟಾಪ್ ಜೋಡಿಸಿ ಮಟ್ಟವನ್ನು ತುದಿಗೆ ಏರಿಸಿದೆ. ತಪ್ಪಾಯಿತು. ತೇವ ಅಳೆಯುವ ಸೆನ್ಸರಿನ ಹರಟೆ ಧೋ ಎಂದು ಸುರಿಯಿತು. ಅಷ್ಟನ್ನೂ ಆ ನಿಧಾನದ ಕೇಬಲ್ಲಿನಲ್ಲಿ ಕಳಿಸುವುದರಲ್ಲೇ ಕಂಪ್ಯೂಟರ್ ಏದುಸಿರು ಬಿಟ್ಟಿತು. ಮೋಟಾರಿಗೆ ಆಜ್ಞೆಯೇ ಹೋಗಲಿಲ್ಲ, ಹಾಗಾಗಿ ಪೆಟ್ಟಿಗೆ ಹಿಂದಿನಂತೆ ನಿಲ್ಲಲೂ ಇಲ್ಲ. ನಡುಮನೆಯಿಂದ ಅತ್ತೆ ಕೂಗಿದರು, "ಏನಾದ್ರೂ ಗೊತ್ತಾಯ್ತಾ?" "ಇನ್ನೂ ಇಲ್ಲ ಅತ್ತೆ," ಎಂದು ಕೂಗಿದೆ.

ಮಟ್ಟ ಐದಕ್ಕೆ ಇಳಿಸಿದೆ. ಎಚ್ಚರಿಕೆ ಮತ್ತು ಅದಕ್ಕಿಂತ ಗಂಭೀರವಾದವು ಮಾತ್ರ. ತೆರೆ ಸುಮ್ಮನಾಯಿತು. ಹೀಟರ್ ಬಿಸಿಯಾಯಿತು. ಮೋಟಾರ್ ಗುರ್ ಎಂದದ್ದೇ ತಡ, ಸಾಲುಗಳು ಬಿದ್ದವು. ಮೊದಲು ಕಾರ್ಡ್ ಉತ್ತರಿಸುತ್ತಿಲ್ಲವೆಂಬ ಎಚ್ಚರಿಕೆ, ಹಿಂದೆಯೇ ಓದಲಾಗುತ್ತಿಲ್ಲ, ಬರೆಯಲಾಗುತ್ತಿಲ್ಲ ಎಂಬ ದೋಷಗಳು. ಆಮೇಲೆ ಎಲ್ಲ ಸ್ತಬ್ಧ. ಹೀಟರ್ ಮಾತ್ರ ಕೆಂಪಗೆ ಉರಿಯುತ್ತಲೇ ಇತ್ತು. ಅದರ ಸ್ವಿಚ್ ಆರಿಸಿದೆ.

ಮೋಟಾರ್ ಕರೆಂಟನ್ನು ಎಳೆದುಕೊಂಡಾಗ ಕಾರ್ಡ್ ಸೋತು ಬೀಳುತ್ತಿತ್ತು. ಲಾಗ್ ಬರೆಯಬೇಕಾದ ಜಾಗವೇ ಹೋದ ಮೇಲೆ ಬರೆಯುವುದೆಲ್ಲಿ? ಮೋಟಾರಿಗೆ ಬೇರೆ ಕರೆಂಟ್ ಸಪ್ಲೈ ಕೊಟ್ಟು ಓಡಿಸಿದೆ. ಮತ್ತೆ ಮತ್ತೆ ಮೋಟಾರ್ ಹಾಕಿದರೂ ಪೆಟ್ಟಿಗೆ ನಿಲ್ಲಲಿಲ್ಲ.

ಓಡಿಹೋಗಿ ಹೇಳಿದೆ. ಅತ್ತೆ ತಲೆಯೆತ್ತದೆ ಸತ್ತ ಹುಳುಗಳನ್ನು ಆರಿಸುತ್ತಿದ್ದರು. "ಈಗ ಸಿಕ್ತಾ," ಅಂದರು, ಅಷ್ಟೆ.

ಮಾರನೆಯ ಬೆಳಿಗ್ಗೆ ಮುರುಗಮಲ್ಲದ ಕಡೆಯ ರೈತರೊಬ್ಬರು ಹುಳು ಒಯ್ಯಲು ಬಂದರು. ಅತ್ತೆ ಮುಚ್ಚಿಡಲಿಲ್ಲ.

"ಅರ್ಧಕ್ಕರ್ಧ ಹೋಯ್ತಪ್ಪ. ಉಳಿದಿರೋದ್ರ ಮೇಲೂ ನಂಗೆ ನಂಬಿಕೆ ಇಲ್ಲ."

ಆ ರೈತರು ಟ್ರೇ ಮೇಲೆ ಬಾಗಿ ನೋಡಿದರು. "ಅಯ್ಯೋ ದೇವುಡಾ. ತೋಟ್ದಲ್ಲಿ ಸೊಪ್ಪು ಬಲೀತಾ ಇದೆಯಲ್ಲಮ್ಮ," ಎಂದು ಖಾಲಿ ಕೈಯಲ್ಲೇ ಹೊರಟರು.

ರೋಗ ಹರಡದಿರಲೆಂದು ಅತ್ತೆ ಉಳಿದ ಹುಳುಗಳನ್ನೂ ಗುಂಡಿಗೆ ಹಾಕಿಸಿ ಸುಣ್ಣ ಚೆಲ್ಲಿದರು. ನಾನು ಗುಂಡಿಗೆ ಮಣ್ಣೆಳೆದೆ.