‘ಹೊಗಳೋಕಾಗಲ್ಲ’ ಎಂಬ ಹೊಗಳಿಕೆ

“ಸಾರ್, ನನ್ನನ್ನ ಜಾಸ್ತಿ ಹೊಗಳೋಕಾಗಲ್ಲ ಅಂತ ಬರ್ದಿದ್ದೀರಲ್ಲ, ನಾನೇನು ತಪ್ಪು ಮಾಡ್ದೆ?”

ಶ್ರೀನಿವಾಸಪುರದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಎಲ್ಲರೆದುರು ಇಂಗ್ಲಿಷ್ ಮೇಷ್ಟ್ರನ್ನು ಹೀಗೆ ಕೇಳಿ ಅತ್ತುಬಿಟ್ಟೆ. ಅದು ಎಪ್ಪತ್ತರ ದಶಕದ ಕೊನೆ. ನರ್ಸ್ ತರಬೇತಿಗೆಂದು ಅವರು ಕೊಟ್ಟ ಶಿಫಾರಸು ಪತ್ರದಲ್ಲಿ ‘ಐ ಕೆನಾಟ್ ಪ್ರೇಸ್ ಹರ್ ಟೂ ಮಚ್’ ಎಂದಿತ್ತು. ಉಳಿದವರು ನಕ್ಕರು. ಮೇಷ್ಟ್ರು ನಗಲಿಲ್ಲ, ಕುರ್ಚಿ ಎಳೆದು ನನ್ನನ್ನು ಕೂರಿಸಿದರು.

“ಎಷ್ಟು ಹೊಗಳಿದ್ರೂ ಜಾಸ್ತಿ ಆಗಲ್ಲ ಅಂತ ಅದರರ್ಥ ಕಣಮ್ಮಾ. ಆದ್ರೆ ನಿನ್ನ ವಿಷಯ ನಿನಗೇ ತಿಳೀದಂಗೆ ಬರ್ದಿದ್ದು ನನ್ನ ತಪ್ಪು.” ಪತ್ರ ಹರಿದು, ಸರಳ ಇಂಗ್ಲಿಷಿನಲ್ಲಿ ಹೊಸದು ಬರೆದು, ಪ್ರತಿ ಸಾಲನ್ನೂ ನನ್ನಿಂದಲೇ ಓದಿಸಿದರು.

ಮೂವತ್ತು ವರ್ಷ ನರ್ಸಾಗಿದ್ದೆ. ಡಾಕ್ಟರ ಚೀಟಿಯಲ್ಲಿ ಏನಿದೆಯೆಂದು ಕನ್ನಡದಲ್ಲೋ ತೆಲುಗಿನಲ್ಲೋ ಬಿಡಿಸಿ ಹೇಳದೆ ಒಬ್ಬ ರೋಗಿಯನ್ನೂ ಮನೆಗೆ ಕಳಿಸಲಿಲ್ಲ.